ವಿಸಿಆರ್ ಪದೇ ಪದೇ ಕೈಕೊಡುತ್ತಿದೆಯೇ? ಗುಜರಿಗೆ ಹಾಕುವ ಮುನ್ನ ಮುಚ್ಚಳ ತೆಗೆದು ನೋಡಿ

ನಿನ್ನೆ ಚೆನ್ನಾಗಿ ಓಡಿದ ಕ್ಯಾಸೆಟ್ಟನ್ನೇ ಇವತ್ತು ಹಾಕಿದರೆ ಪರದೆ ತುಂಬ ಚುಕ್ಕಿ. ಪ್ಲೇ ಒತ್ತಿದರೆ ನಾಲ್ಕು ಸೆಕೆಂಡ್ ಚಿತ್ರ ತೋರಿಸಿ ತಾನಾಗಿಯೇ ನಿಂತುಬಿಡುತ್ತದೆ. ಇಜೆಕ್ಟ್ ಮಾಡಿದರೆ ಕ್ಯಾಸೆಟ್ ಹೊರಗೆ, ಟೇಪು ಒಳಗೆ. ವಿಎಚ್‌ಎಸ್ ಎಂಬ ಈ ಬಗೆಯ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಕೊನೆಯವರೆಗೂ ಇದನ್ನು ಓಡಿಸುವ ವಿಸಿಆರ್ ಯಂತ್ರ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೈಬಿಟ್ಟಿತು. ಹೊಸದು ಸಿಗುವುದಿಲ್ಲ, ಇದ್ದುದನ್ನೇ ಸರಿಮಾಡಿಕೊಳ್ಳಬೇಕು. ಸಮಾಧಾನದ ಮಾತೆಂದರೆ, ಇಂಥ ಬಹುಪಾಲು ಕಾಟಕ್ಕೆ ಕಾರಣ ಸರ್ಕ್ಯೂಟ್ ಅಲ್ಲ. ಕೊಳೆ ಮತ್ತು ಮುದಿಯಾದ ರಬ್ಬರ್.

ಮೊದಲು ತಪ್ಪು ಯಾರದೆಂದು ತಿಳಿಯಿರಿ

ಮದುವೆಯದೋ ಮಕ್ಕಳದೋ ಕ್ಯಾಸೆಟ್ ಹಾಕಿ ಯಂತ್ರವನ್ನು ಪರೀಕ್ಷಿಸಲೇಬೇಡಿ. ಹಾಳಾದರೂ ಚಿಂತೆಯಿಲ್ಲದ ಎರಡು ಕ್ಯಾಸೆಟ್ ಇದಕ್ಕೆಂದೇ ಬೇರೆ ಇಟ್ಟುಕೊಳ್ಳಿ. ಎರಡರಲ್ಲೂ ಒಂದೇ ತೊಂದರೆ ಬಂದರೆ ದೋಷ ಯಂತ್ರದ್ದು. ಒಂದರಲ್ಲಿ ಮಾತ್ರ ಬಂದರೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಟೇಪನ್ನು ಓದುವ ಹೆಡ್ ಕೊಳೆಯಾಗುತ್ತದೆ, ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಬೂಷ್ಟು ಹತ್ತುತ್ತದೆ. ತಂಪು ಜಾಗದಿಂದ ಬೆಚ್ಚಗಿನ ಕೋಣೆಗೆ ತಂದ ಯಂತ್ರವನ್ನು ಒಂದೆರಡು ಗಂಟೆ ಹಾಗೇ ಬಿಡಿ. ಒಳಗೆ ತಿರುಗುವ ಲೋಹದ ಉರುಳೆ, ಅಂದರೆ ಡ್ರಮ್ ಮೇಲೆ ತೇವ ಕಟ್ಟಿದ್ದರೆ ಟೇಪು ಅದಕ್ಕೆ ಅಂಟಿಕೊಳ್ಳುತ್ತದೆ.

ಆಮೇಲೆ ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆಯಾಗಿ ಗಮನಿಸಿ. ಸಾಧಾರಣ ವಿಸಿಆರ್‌ನಲ್ಲಿ ಚಿತ್ರ ಓದುವುದು ತಿರುಗುವ ಡ್ರಮ್ಮಿನ ಹೆಡ್, ಧ್ವನಿ ಓದುವುದು ಪಕ್ಕದಲ್ಲಿರುವ ಇನ್ನೊಂದು ಹೆಡ್. ಧ್ವನಿ ಸರಿಯಾಗಿದ್ದು ಚಿತ್ರ ಮಾತ್ರ ಚುಕ್ಕಿಯಾದರೆ ವಿಡಿಯೊ ಹೆಡ್ ಕೊಳೆಯಾಗಿದೆ. ಚಿತ್ರ ಸರಿಯಿದ್ದು ಧ್ವನಿ ಮಂದವಾದರೆ ಆಡಿಯೊ ಹೆಡ್. ಧ್ವನಿ ಎಳೆದೆಳೆದು ಬಂದರೆ, ಅಂದರೆ ವೇಗವೇ ಏರುಪೇರಾದರೆ, ಟೇಪನ್ನು ಮುಂದೂಡುವ ಪಿಂಚ್ ರೋಲರ್ ಜಾರುತ್ತಿದೆ. ಹೈಫೈ ಮಾದರಿಗಳಲ್ಲಿ ಧ್ವನಿಯ ಹೆಡ್ಡೂ ಡ್ರಮ್ಮಿನಲ್ಲೇ ಇರುವುದರಿಂದ ಧ್ವನಿಯಲ್ಲಿ ಗುಂಯ್‌ಗುಟ್ಟುವ ಸದ್ದು ಬಂದರೆ ಅಲ್ಲಿಯೂ ಡ್ರಮ್ಮನ್ನೇ ನೋಡಬೇಕು.

ಮುಚ್ಚಳ ತೆಗೆಯುವಾಗ

ಕ್ಯಾಸೆಟ್ ಹೊರತೆಗೆದು, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಡಿ. ಸ್ಕ್ರೂಗಳು ಸಾಮಾನ್ಯವಾಗಿ ಹಿಂದೆ ಮತ್ತು ಪಕ್ಕದಲ್ಲಿರುತ್ತವೆ. ವಿದ್ಯುತ್ ಒಳಬರುವ ಕಡೆಯಿರುವ ಪವರ್ ಸಪ್ಲೈ ಭಾಗಕ್ಕೆ ಕೈ ಹಾಕಬೇಡಿ. 230 ವೋಲ್ಟಿನ ಸಂಪರ್ಕದಲ್ಲಿ ಅಲ್ಲಿಯ ದೊಡ್ಡ ಕೆಪಾಸಿಟರ್ 325 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತರೂ ಅದು ತಕ್ಷಣ ಖಾಲಿಯಾಗುವುದಿಲ್ಲ. ಯಂತ್ರಕ್ಕೆ ಜೀವವೇ ಇಲ್ಲದಿದ್ದರೆ ಬಿಸಿಗೆ ಒಣಗಿದ ಸಣ್ಣ ಕೆಪಾಸಿಟರ್‌ಗಳು ಕಾರಣವಾಗಿರುವುದೇ ಹೆಚ್ಚು. ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಹೆಡ್ ಒರೆಸುವ ಕ್ರಮ

ಬೇಕಾದುದು ಇಷ್ಟೇ: 99 ಶೇಕಡ ಶುದ್ಧತೆಯ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಬಿಳಿ ಹಾಳೆ, ಒಂದು ಬಟ್ಟೆ, ಒಳ್ಳೆಯ ಬೆಳಕು. ಹತ್ತಿ ಸುತ್ತಿದ ಕಡ್ಡಿ ಡ್ರಮ್ಮಿನ ಹತ್ತಿರಕ್ಕೂ ಬರಬಾರದು. ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಂಡು ಅದನ್ನು ಮುರಿಯುತ್ತದೆ.

ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಮಡಚಿ, ಆಲ್ಕೊಹಾಲ್‌ನಲ್ಲಿ ತೋಯಿಸಿ. ಹೊಳೆಯುವ ಡ್ರಮ್ಮಿನ ಮೇಲರ್ಧ ತಿರುಗುತ್ತದೆ, ಕೆಳಗಿನರ್ಧ ಅಲುಗುವುದಿಲ್ಲ. ಎರಡರ ನಡುವಿನ ಸಂದಿನಲ್ಲಿ ಸಣ್ಣ ಕಿಟಕಿಯಂಥ ಜಾಗಗಳು ಕಾಣುತ್ತವೆ, ಹೆಡ್ಡಿನ ತುದಿ ಇರುವುದು ಅಲ್ಲಿ. ಪಟ್ಟಿಯನ್ನು ಡ್ರಮ್ಮಿಗೆ ಮೆಲ್ಲಗೆ ಒತ್ತಿ ಅಲುಗಾಡದಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿಯನ್ನು ಹಿಡಿದು ನಾಲ್ಕೈದು ಸುತ್ತು ನಿಧಾನವಾಗಿ ತಿರುಗಿಸಿ. ತಿರುಗಬೇಕಾದದ್ದು ಡ್ರಮ್, ಕೈಯಲ್ಲಿರುವ ಕಾಗದವಲ್ಲ. ಮೇಲೆ ಕೆಳಗೆ ಒಮ್ಮೆ ಉಜ್ಜಿದರೂ ಹೆಡ್ ಹೋಯಿತೆಂದೇ ಲೆಕ್ಕ. ಕಾಗದದ ಮೇಲೆ ಕಂದು ಅಥವಾ ಕಪ್ಪು ಗೆರೆ ಮೂಡುತ್ತದೆ. ಹೊಸ ಜಾಗ ತಿರುಗಿಸಿಕೊಂಡು, ಗೆರೆ ಮೂಡದಾಗುವವರೆಗೆ ಮುಂದುವರಿಸಿ. ಡ್ರಮ್ಮಿಗೆ ಟೇಪು ಉಜ್ಜುವ ಬದಿಯನ್ನು ಬರಿಬೆರಳಿನಿಂದ ಮುಟ್ಟಬೇಡಿ, ಬೆರಳಿನ ಜಿಡ್ಡೂ ಕೊಳೆಯೇ.

ಸ್ಥಿರವಾಗಿರುವ ಆಡಿಯೊ ಹೆಡ್ಡನ್ನೂ ಲೋಹದ ಕಡ್ಡಿಯಂಥ ಕ್ಯಾಪ್‌ಸ್ಟನ್ನನ್ನೂ ಆಲ್ಕೊಹಾಲ್‌ನಲ್ಲಿ ತೋಯಿಸಿದ ಬಟ್ಟೆಯಿಂದ ಒರೆಸಿ. ಅದರ ಪಕ್ಕದ ಕಪ್ಪು ರಬ್ಬರ್ ಉರುಳೆಯೇ ಪಿಂಚ್ ರೋಲರ್. ಟೇಪಿನ ಪುಡಿ ಕೂತು ನುಣುಪಾಗಿ ಹೊಳೆಯುತ್ತಿದ್ದರೆ ಮಂದವಾಗಿ ಕಾಣುವವರೆಗೆ ಒರೆಸಿ. ಎಲ್ಲವೂ ಒಣಗಲು ಅರ್ಧ ಗಂಟೆ ಕೊಡಿ.

ಅಂಗಡಿಯ ಕ್ಲೀನಿಂಗ್ ಕ್ಯಾಸೆಟ್‌ಗಳಲ್ಲಿ ಒಣ ಬಗೆಯದು ಹೆಡ್ಡನ್ನು ಸವೆಸುತ್ತದೆ. ದ್ರವ ಹಾಕುವ ಬಗೆಯದನ್ನು ಆಗಾಗ ಬಳಸಬಹುದು, ಆದರೆ ಗಟ್ಟಿ ಕೊಳೆ ಅದಕ್ಕೆ ಬಗ್ಗುವುದಿಲ್ಲ.

ಟೇಪು ನುಂಗುವುದೇಕೆ

ಅತಿ ಹೆಚ್ಚು ಸಿಟ್ಟು ತರಿಸುವ ತೊಂದರೆ ಇದು, ಕಾರಣ ಮಾತ್ರ ಸರಳ. ಕ್ಯಾಪ್‌ಸ್ಟನ್ ಮತ್ತು ಪಿಂಚ್ ರೋಲರ್ ಸೇರಿ ಟೇಪನ್ನು ಒಂದೇ ವೇಗದಲ್ಲಿ ಮುಂದಕ್ಕೆ ತಳ್ಳುತ್ತಿರುತ್ತವೆ. ಬಂದ ಟೇಪನ್ನು ಸುತ್ತಿಕೊಳ್ಳಬೇಕಾದದ್ದು ಬಲಗಡೆಯ ರೀಲ್. ಅನೇಕ ಮಾದರಿಗಳಲ್ಲಿ ಈ ರೀಲನ್ನು ತಿರುಗಿಸುವುದು ರಬ್ಬರ್ ಟೈರಿರುವ ಒಂದು ಪುಟ್ಟ ಚಕ್ರ, ಐಡ್ಲರ್. ಅದರ ರಬ್ಬರ್ ಗಟ್ಟಿಯಾಗಿ ಜಾರತೊಡಗಿದರೆ ರೀಲ್ ನಿಲ್ಲುತ್ತದೆ, ಟೇಪು ಬರುತ್ತಲೇ ಇರುತ್ತದೆ. ರೀಲ್ ತಿರುಗುತ್ತಿಲ್ಲವೆಂದು ಸೆನ್ಸರ್ ಕಂಡುಕೊಂಡು ಯಂತ್ರವನ್ನು ನಿಲ್ಲಿಸುತ್ತದೆ. ನಾಲ್ಕು ಸೆಕೆಂಡಿಗೆ ತಾನಾಗಿಯೇ ನಿಲ್ಲುವುದರ ಗುಟ್ಟು ಇದೇ. ಇಜೆಕ್ಟ್ ಒತ್ತಿದಾಗ ಸಡಿಲವಾದ ಟೇಪನ್ನು ಒಳಗೆಳೆದುಕೊಳ್ಳಲೂ ಇದೇ ಚಕ್ರ ಬೇಕು. ಅದು ಜಾರಿದರೆ ಕ್ಯಾಸೆಟ್ಟಿನ ಬಾಯಿ ಟೇಪಿನ ಮೇಲೆಯೇ ಮುಚ್ಚಿಕೊಳ್ಳುತ್ತದೆ.

ತಾತ್ಕಾಲಿಕ ಪರಿಹಾರವೆಂದರೆ ಐಡ್ಲರ್ ಟೈರನ್ನು ಆಲ್ಕೊಹಾಲ್‌ನಿಂದ ಒರೆಸುವುದು. ಕೆಲವು ವಾರ ನಡೆಯುತ್ತದೆ, ಮತ್ತೆ ಜಾರುತ್ತದೆ. ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದು ಹೊಸ ಟೈರ್ ಹಾಕುವುದೇ ಸರಿ. ಕ್ಯಾಸೆಟ್ ಒಳಗೆಳೆದುಕೊಂಡು ತಕ್ಷಣ ಹೊರದೂಡುತ್ತಿದ್ದರೆ ಲೋಡಿಂಗ್ ಬೆಲ್ಟ್ ಸಡಿಲವಾಗಿದೆಯೇ ನೋಡಿ. ಬೆಲ್ಟ್ ಬಿಗಿಯಾಗಿದ್ದೂ ಯಂತ್ರ ಮನಬಂದಂತೆ ವರ್ತಿಸಿದರೆ ಭಾಗಗಳು ಯಾವ ಸ್ಥಾನದಲ್ಲಿವೆ ಎಂದು ಯಂತ್ರಕ್ಕೆ ತಿಳಿಸುವ ಮೋಡ್ ಸ್ವಿಚ್ಚಿನೊಳಗೆ ಕಿಲುಬು ಹಿಡಿದಿರುತ್ತದೆ. ಅದನ್ನು ಬಿಚ್ಚುವ ಮೊದಲು ಹಲ್ಲುಚಕ್ರಗಳ ಸ್ಥಾನ ಗುರುತು ಮಾಡಿ ಫೋಟೊ ತೆಗೆಯಿರಿ. ಒಂದು ಹಲ್ಲು ತಪ್ಪಿದರೂ ಯಂತ್ರ ಓಡದು.

ಟೇಪು ಈಗಾಗಲೇ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ. ಪ್ಲಗ್ ಕಿತ್ತು ಲೋಡಿಂಗ್ ಮೋಟಾರಿನ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ ಹೋಗಿ. ಟೇಪನ್ನು ಡ್ರಮ್ಮಿಗೆ ಸುತ್ತಿ ಹಿಡಿದಿರುವ ಎರಡು ಕಂಬಗಳು ಹಿಂದಕ್ಕೆ ಸರಿಯುತ್ತವೆ. ಬಳಿಕ ರೀಲನ್ನು ಕೈಯಿಂದ ತಿರುಗಿಸಿ ಸಡಿಲ ಟೇಪನ್ನು ಒಳಸೇರಿಸಿ, ಕ್ಯಾಸೆಟ್ ಎತ್ತಿಕೊಳ್ಳಿ.

ಮುಚ್ಚಳ ತೆರೆದೇ ಓಡಿಸಿ ನೋಡುವಾಗ ಕೋಣೆಯ ದೀಪ ಮಂದವಾಗಿರಲಿ. ಟೇಪಿನ ತುದಿ ಬಂತೆಂದು ತಿಳಿಯಲು ಯಂತ್ರ ಬಳಸುವುದು ಬೆಳಕಿನ ಸೆನ್ಸರ್. ಹೊರಗಿನ ಬೆಳಕು ಬಿದ್ದರೆ ಟೇಪು ಮುಗಿಯಿತೆಂದು ತಪ್ಪು ತಿಳಿದು ನಿಲ್ಲುತ್ತದೆ.

ರೆಕಾರ್ಡ್ ಆಗದಿದ್ದರೆ

ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಟ್ಯಾಬ್ ಮುರಿದಿದ್ದರೆ ಯಂತ್ರ ರೆಕಾರ್ಡ್ ಮಾಡುವುದಿಲ್ಲ, ಆ ಕುಳಿಗೆ ಅಂಟುಪಟ್ಟಿ ಹಚ್ಚಿ. ಟೈಮರ್ ಇಟ್ಟ ಕಾರ್ಯಕ್ರಮ ತಪ್ಪಿದರೆ ಮೊದಲು ಗಡಿಯಾರ ನೋಡಿ, ಕರೆಂಟ್ ಹೋಗಿ ಬಂದಾಗ ಅದು ಅಳಿಸಿಹೋಗಿರುತ್ತದೆ. ಇ-180 ಕ್ಯಾಸೆಟ್ ಎಸ್‌ಪಿ ಎಂಬ ಸಾಮಾನ್ಯ ವೇಗದಲ್ಲಿ 3 ಗಂಟೆ ಮಾತ್ರ.

ಕ್ಯಾಸೆಟ್ ಒಂದರಲ್ಲಿ ಮಾತ್ರ ಅಡ್ಡಗೆರೆ ಬಂದರೆ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಟೇಪಿನ ದಾರಿಯಲ್ಲಿರುವ ಕಂಬಗಳ ಸ್ಕ್ರೂ ಮುಟ್ಟಬೇಡಿ. ವಿದ್ಯುತ್ ಸಂಕೇತದ ಅಲೆ ತೋರಿಸುವ ಆಸಿಲೊಸ್ಕೋಪ್ ಇಲ್ಲದೆ ಅದನ್ನು ಮತ್ತೆ ಹೊಂದಿಸುವುದು ಬಹಳ ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೂ ಒಳ್ಳೆಯ ಕ್ಯಾಸೆಟ್ಟಿನಲ್ಲಿ ಚುಕ್ಕಿ ಹೋಗದಿದ್ದರೆ ಹೆಡ್ ಸವೆದಿದೆ. ಅದೇ ಮಾದರಿಯ ಹಳೆಯ ಯಂತ್ರ ಸಿಕ್ಕರೆ ಅದರ ಡ್ರಮ್ ಹಾಕಿಸಬಹುದು. ಸರಿಯಾಯಿತೆಂದರೆ ಮೊದಲ ಕೆಲಸ, ಬೆಲೆಬಾಳುವ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವುದು. ಪ್ರತಿಯೊಂದನ್ನೂ ಕೊನೆಯವರೆಗೆ ಫಾರ್ವರ್ಡ್ ಮಾಡಿ, ಪೂರ್ತಿ ರಿವೈಂಡ್ ಮಾಡಿ, ಆಮೇಲೆ ಪ್ಲೇ ಒತ್ತಿ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪು ಆಗ ಸಮನಾಗಿ ಬಿಗಿಯಾಗುತ್ತದೆ. ಎರಡು ಮೂರು ಕ್ಯಾಸೆಟ್ಟಿಗೊಮ್ಮೆ ನಿಲ್ಲಿಸಿ ಹೆಡ್ ಒರೆಸಿ.