ಮೊದಲು ಕಿವಿಗೆ ಮಣೆ, ಆಮೇಲೆ ಕಣ್ಣಿಗೆ: ಇಂಗ್ಲಿಷ್ ಉಚ್ಚಾರವನ್ನು ತಿದ್ದಿಕೊಳ್ಳುವ ಬಗೆ

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದ ನೆಂಟರು ಬಸ್ಸಿನ ಇಂಗ್ಲಿಷ್ ಫಲಕವನ್ನು ನೋಡಿ 'ಕೋಝಿಕೋಡ್' ಎಂದು ಓದಿದಾಗ ಕಾಸರಗೋಡಿನ ಮಕ್ಕಳಿಗೆ ನಗು ತಡೆಯುವುದಿಲ್ಲ. ಆ ಹೆಸರಿನ ನಡುವೆ ಇರುವುದು ಝಕಾರವಲ್ಲ, ಹಳಗನ್ನಡದವರು 'ಮೞೆ' ಎಂದು ಬರೆಯುವಾಗ ಬಳಸುತ್ತಿದ್ದ ೞಕಾರ ಎಂಬುದು ಮಲಯಾಳ ಲಿಪಿಯನ್ನು ಓದಲು ಬಾರದ ಮಗುವಿನ ನಾಲಗೆಗೂ ಯಾರೂ ಹೇಳಿಕೊಡದೆಯೇ ತಿಳಿದಿದೆ. ಏಕೆಂದರೆ ಅದು ಆ ಹೆಸರನ್ನು ಮೊದಲು ಕೇಳಿದ್ದು ಕಂಡಕ್ಟರನ ಕೂಗಿನಲ್ಲಿ. ಜೆಡ್ ಮತ್ತು ಎಚ್ ಅಕ್ಷರಗಳ ಜೋಡಿ ಕಣ್ಣಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅದೇ ಮಗು, ರಶೀದಿಗೆ ಇಂಗ್ಲಿಷಿನಲ್ಲಿ ಹೇಳುವ 'ರಿಸೀಟ್' ಎಂಬ ಪದವನ್ನು ಯಾರ ಬಾಯಿಂದಲೂ ಕೇಳುವ ಮೊದಲೇ ಪುಸ್ತಕದಲ್ಲಿ ನೋಡಿ, 'ರಿಸೀಪ್ಟ್' ಎಂದು ಓದಿ, ಹಾಗೆಯೇ ಬಾಯಿಪಾಠ ಮಾಡಿಬಿಡುತ್ತದೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನನಗೆ ಈ ತಪ್ಪು ದಡ್ಡತನದಿಂದ ಆಗುವಂಥದ್ದು ಎಂದು ಎಂದೂ ಅನಿಸಿಲ್ಲ. ಬರೆದುದನ್ನು ಬರೆದಂತೆಯೇ ಓದಬೇಕೆಂದು ಕನ್ನಡದ ಕಾಗುಣಿತ ನಮಗೆ ಒಂದನೆಯ ತರಗತಿಯಲ್ಲಿಯೇ ಕಲಿಸಿರುತ್ತದೆ. ಓದಿನಲ್ಲಿ ಚುರುಕಾದ ಮಗುವೇ ಅಕ್ಷರವನ್ನು ಹೆಚ್ಚು ನಂಬಿ ಇಂಗ್ಲಿಷಿನಲ್ಲಿ ಹೆಚ್ಚು ಎಡವುತ್ತದೆ. ಇಂಗ್ಲಿಷಿಗೆ ಇರುವುದು 26 ಅಕ್ಷರಗಳು, ಬ್ರಿಟಿಷ್ ಶಿಷ್ಟ ಉಚ್ಚಾರದಲ್ಲಿ ಅವು ಹೊರಬೇಕಾದ ಧ್ವನಿಗಳು ಸುಮಾರು 44. ಸಾಲದುದಕ್ಕೆ, ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬರಹದ ರೂಪಗಳು ಮೆಲ್ಲಮೆಲ್ಲನೆ ಗಟ್ಟಿಯಾಗುತ್ತ ಬಂದರೆ, ಸುಮಾರು 1400ರಿಂದ 1700ರವರೆಗಿನ ಅವಧಿಯಲ್ಲಿ ಆ ಭಾಷೆಯ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದವು. ಬಾಯಿ ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು.

ಆದ್ದರಿಂದ ನಾನು ಹೇಳುವ ಕ್ರಮದಲ್ಲಿ ಸ್ಪೆಲ್ಲಿಂಗಿಗೆ ಕೊನೆಯ ಸರದಿ. (ಸ್ಪೆಲ್ಲಿಂಗ್ ಎಂಬ ಪದವನ್ನೇ ನಾವು ಲಕಾರವನ್ನು ಒತ್ತಿ ಹೇಳುತ್ತೇವೆ, ಅದು ಈಗ ಕನ್ನಡದ ಪದವಾಗಿರುವುದರಿಂದ ಇಲ್ಲಿ ಹಾಗೆಯೇ ಬಳಸಿದ್ದೇನೆ.)

ಬೇಕಾದ ಸಾಮಗ್ರಿ: ಗೆರೆಯಿರುವ ಒಂದು ನೋಟ್ ಪುಸ್ತಕ, ಪೆನ್ಸಿಲ್, ಕೆಂಪು ಪೆನ್ನು ಮತ್ತು ಧ್ವನಿ ಕೇಳಿಸುವ ನಿಘಂಟು ಇರುವ ಫೋನ್. ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ನಿಘಂಟುಗಳ ಜಾಲತಾಣಗಳಲ್ಲಿ ಪ್ರತಿ ಪದಕ್ಕೂ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರ ಬೇರೆಬೇರೆಯಾಗಿ ಸಿಗುತ್ತವೆ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ದಿನಕ್ಕೆ ಐದು ಪದ ಸಾಕು. ಇಪ್ಪತ್ತು ಪದಗಳೊಡನೆ ಉತ್ಸಾಹದಿಂದ ಆರಂಭಿಸಿದವರಾರೂ ಎರಡನೆಯ ವಾರವನ್ನು ತಲುಪಿದ್ದನ್ನು ನಾನು ಕಂಡಿಲ್ಲ.

ಮೊದಲನೆಯ ಹಂತ: ಕೇಳುವುದು. ಅಕ್ಕನೋ ಅಮ್ಮನೋ ಫೋನಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಪದವನ್ನು ಮೂರು ಸಲ ಕೇಳಿಸಲಿ. ಕಲಿಯುವವರು ಅದನ್ನು ನೋಡಬಾರದು.

ಎರಡನೆಯ ಹಂತ: ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯುವುದು. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ನೋಟ್ ಪುಸ್ತಕದಲ್ಲಿ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ ಎಂದು ಹೆಮ್ಮೆಯಿಂದ ತೋರಿಸುವ ಮಕ್ಕಳು ನಿಜವಾಗಿ ಬರೆದಿರುವುದು ಉಚ್ಚಾರವನ್ನಲ್ಲ, ಸ್ಪೆಲ್ಲಿಂಗಿನ ಕನ್ನಡ ನಕಲನ್ನು: 'ಕಂಫರ್ಟೇಬಲ್', 'ವೆಜಿಟೇಬಲ್', 'ಮೌಂಟೇನ್', 'ಪ್ಲಂಬರ್'. ಪೇಟೆಯಲ್ಲಿ ಸಿಗುವ 'ಇಷ್ಟು ದಿನಗಳಲ್ಲಿ ಇಂಗ್ಲಿಷ್' ಬಗೆಯ ಕೈಪಿಡಿಗಳು ಮಾಡುವುದೂ ಇದನ್ನೇ. ಹಿಂದೊಮ್ಮೆ ತರಗತಿಗೆಂದು ನಾನು ಕೊಂಡುತಂದ ಕೈಪಿಡಿಯೊಂದರಲ್ಲಿ, ಅನುಮಾನಕ್ಕೆ ಹೇಳುವ 'ಡೌಟ್' ಪದದ ಎದುರು 'ಡೌಬ್ಟ್' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಬರೆದವರು ಪದವನ್ನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಸ್ಪಷ್ಟ. ಅಂಥ ಪುಸ್ತಕ ಮನೆಯಲ್ಲಿದ್ದರೆ ಅದರ ಅರ್ಥಗಳನ್ನು ಓದಬಹುದು, ಉಚ್ಚಾರದ ಕಾಲಮ್ಮಿನ ಮೇಲೆ ಕಾಗದ ಅಂಟಿಸುವುದು ಒಳ್ಳೆಯದು.

ಈ ಹಂತದಲ್ಲಿ ಎರಡು ಬಲೆಗಳಿವೆ. ಮೊದಲನೆಯದು ಜೋಡಿ ಅಕ್ಷರ. ಕನ್ನಡದಲ್ಲಿ ಕತೆ ಬೇರೆ, ಕತ್ತೆ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. ಒತ್ತು ಬಿಟ್ಟರೆ ಅರ್ಥವೇ ಕೆಡುವ ಭಾಷೆಯಿಂದ ಬಂದ ಮಗು ಇಂಗ್ಲಿಷ್ ಪದದಲ್ಲಿ ಎರಡು ಎಮ್ ಕಂಡರೆ 'ಸಮ್ಮರ್' ಎನ್ನುತ್ತದೆ, ಎರಡು ಪಿ ಕಂಡರೆ 'ಹ್ಯಾಪ್ಪಿ' ಎನ್ನುತ್ತದೆ. ಆದರೆ ಇಂಗ್ಲಿಷಿನಲ್ಲಿ ಜೋಡಿ ವ್ಯಂಜನ ಬಹುಮಟ್ಟಿಗೆ ತನಗಾಗಿ ಬಂದದ್ದಲ್ಲ. ಹಿಂದಿನ ಸ್ವರವನ್ನು ಹ್ರಸ್ವವಾಗಿ ಹೇಳು ಎಂದು ಸೂಚಿಸಲು ಬಂದದ್ದು. ಎರಡು ಎನ್ ಇದ್ದರೆ ರಾತ್ರಿಯ ಊಟವಾದ 'ಡಿನರ್', ಒಂದೇ ಎನ್ ಇದ್ದರೆ ಊಟ ಮಾಡುವವನಾದ 'ಡೈನರ್'. ಎರಡರಲ್ಲಿಯೂ ನಕಾರ ಒಂದೇ. ನಿಜವಾದ ಒತ್ತು ಕೇಳಿಸುವುದು 'ಬುಕ್‌ಕೇಸ್' ಎಂಬಂತೆ ಎರಡು ಪದಗಳು ಕೂಡುವಲ್ಲಿ, ಅಥವಾ 'ಅನ್‌ನೋನ್' ಎಂಬಂತೆ ಪದಕ್ಕೆ ಮುಂದೊಂದು ತುಣುಕು ಸೇರುವಲ್ಲಿ. ಈ ಎಡವು ನಮ್ಮೊಬ್ಬರದೇ ಅಲ್ಲ: ನಮ್ಮಂತೆಯೇ ಒತ್ತಿನ ವ್ಯತ್ಯಾಸವಿರುವ ಇಟಾಲಿಯನ್ ಭಾಷಿಕರು ಇಂಗ್ಲಿಷ್ ಮಾತನಾಡುವಾಗ, ಜೋಡಿ ಅಕ್ಷರದಲ್ಲಿ ಬರೆದ ವ್ಯಂಜನವನ್ನು ಒಂಟಿ ಅಕ್ಷರದ್ದಕ್ಕಿಂತ ದೀರ್ಘವಾಗಿ ಹೇಳುತ್ತಾರೆ ಎಂಬುದನ್ನು ಭಾಷಾ ಸಂಶೋಧಕಿ ಬೆನೆ ಬಾಸೆಟ್ಟಿ ಮತ್ತು ಸಂಗಡಿಗರ ಅಧ್ಯಯನಗಳು ಅಳೆದು ತೋರಿಸಿವೆ.

ಇದಕ್ಕೆ ಪುರಾವೆ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಕಾಫಿಯ ಇಂಗ್ಲಿಷ್ ಬರಹದಲ್ಲಿ ಎರಡು ಎಫ್ ಇವೆ, ಲಾರಿಯಲ್ಲಿ ಎರಡು ಆರ್ ಇವೆ. ಆದರೂ ನಮ್ಮ ಅಜ್ಜಿಯಂದಿರು 'ಕಾಫ್ಫಿ' ಕುಡಿಯಲಿಲ್ಲ, 'ಲಾರ್ರಿ' ಹತ್ತಲಿಲ್ಲ. ಸ್ಪೆಲ್ಲಿಂಗ್ ನೋಡದೆ ಕಿವಿಯಿಂದಲೇ ತೆಗೆದುಕೊಂಡ ಪದಗಳು ಅವು. ರಬ್ಬರ್ ತೋಟದ ರಬ್ಬರಿಗೆ ಒತ್ತು ಬಂದಿದೆಯಲ್ಲ ಎಂದು ಕೇಳಿದರೆ, ಅದು ಕನ್ನಡದ ಪದ, ಕನ್ನಡದಲ್ಲಿ ಹಾಗೆಯೇ ಇರಲಿ. ಇಂಗ್ಲಿಷ್ ವಾಕ್ಯದೊಳಗೆ ಬಂದಾಗ ಮಾತ್ರ ಒಂದು ಬಕಾರ ಸಾಕು.

ಎರಡನೆಯ ಬಲೆ ಇದಕ್ಕಿಂತ ಆಳವಾದದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಸಲ್ಲಬೇಕಾದ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗಕ್ಕೆ ಮಾತ್ರ ಒತ್ತುಕೊಟ್ಟು (ಈ ಒತ್ತು ಒತ್ತಕ್ಷರವಲ್ಲ, ಆ ಭಾಗವನ್ನು ಜೋರಾಗಿ ಹೇಳುವುದು) ಉಳಿದವನ್ನು ಸವೆಸಿಬಿಡುತ್ತಾರೆ. ಹಾಗೆ ಸವೆದ ಸ್ವರ ಬರಹದಲ್ಲಿ ಎ, ಇ, ಐ, ಓ, ಯು ಯಾವುದೇ ಆಗಿರಲಿ, ಬಾಯಲ್ಲಿ ಹೆಚ್ಚಾಗಿ ನಮ್ಮ ಅಕಾರಕ್ಕೆ ಹತ್ತಿರವಾದ, ಇನ್ನೂ ಸಡಿಲವಾದ ಒಂದು ಧ್ವನಿಯಾಗುತ್ತದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಇದೇ, ಆದರೆ ಇದಕ್ಕೆಂದು ಆ 26ರಲ್ಲಿ ಒಂದೂ ಅಕ್ಷರವಿಲ್ಲ. ಹೀಗಾಗಿ ನಾವು 'ಮೌಂಟೇನ್' ಎನ್ನುವಲ್ಲಿ ಇರಬೇಕಾದದ್ದು 'ಮೌಂಟನ್'. 'ಪರ್ಪೋಸ್' ಅಲ್ಲ, 'ಪರ್ಪಸ್'. 'ಕಂಫರ್ಟೇಬಲ್' ಎಂದು ನಾಲ್ಕು ಹೆಜ್ಜೆ ಇಡುವಲ್ಲಿ 'ಕಂಫ್ಟಬಲ್' ಎಂದು ಮೂರೇ ಹೆಜ್ಜೆ. ಹಳ್ಳಿಗೆ ಹೇಳುವ ಪದ 'ವಿಲೇಜ್' ಅಲ್ಲ, 'ವಿಲಿಜ್'. ಇಲ್ಲಿ ಸವೆದ ಸ್ವರ ಇಕಾರದ ಕಡೆಗೆ ವಾಲಿದೆ. ಒತ್ತು ಸ್ಥಳ ಬದಲಿಸಿದರೆ ಅದೇ ಬರಹದ ಸ್ವರಗಳೂ ಬದಲಾಗುತ್ತವೆ ಎಂಬುದಕ್ಕೆ ನಾನು ಕೊಡುವ ಉದಾಹರಣೆ ಒಂದೇ: ಚಿತ್ರಕ್ಕೆ 'ಫೋಟಗ್ರಾಫ್', ಅದನ್ನು ತೆಗೆಯುವವರಿಗೆ 'ಫಟಾಗ್ರಫರ್'. ಮೊದಲ ಹತ್ತು ಅಕ್ಷರಗಳು ಎರಡರಲ್ಲಿಯೂ ಒಂದೇ, ಧ್ವನಿಗಳು ಬೇರೆ.

ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಒತ್ತು ಬಿದ್ದ ಭಾಗವನ್ನು ದೊಡ್ಡದಾಗಿ ಬರೆದು ಅಡಿಗೆರೆ ಎಳೆಯಬೇಕು, ಸವೆದ ಭಾಗಗಳನ್ನು ಚಿಕ್ಕದಾಗಿ ಬರೆಯಬೇಕು, ಸಂಶಯ ಬಂದಲ್ಲಿ ಏಕಾರ, ಓಕಾರಗಳನ್ನು ಬಿಟ್ಟು ಅಕಾರವನ್ನೇ ಹಾಕಬೇಕು. ಕನ್ನಡ ಲಿಪಿ ಇಂಗ್ಲಿಷಿನ ಎಲ್ಲ ಧ್ವನಿಗಳನ್ನೂ ಹಿಡಿಯುವುದಿಲ್ಲವೆಂಬುದು ನಿಜ, ಅಂತರರಾಷ್ಟ್ರೀಯ ಧ್ವನಿ ಲಿಪಿ ಅದಕ್ಕಿಂತ ನಿಖರವೆಂಬುದೂ ನಿಜ. ಆದರೆ ಏಳನೆಯ ತರಗತಿಯ ಮಗುವಿಗೆ ಹೊಸದೊಂದು ಲಿಪಿಯನ್ನು ಹೇರುವುದಕ್ಕಿಂತ, ಇರುವ ಲಿಪಿಯನ್ನು ಪ್ರಾಮಾಣಿಕವಾಗಿ ಬಳಸುವುದನ್ನು ಕಲಿಸುವುದು ಮೇಲು ಎಂಬುದು ನನ್ನ ಪಕ್ಷ.

ನಮ್ಮ ಜಿಲ್ಲೆಗೇ ಸೇರಿದ ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ಓ ಅಕ್ಷರವನ್ನು ಕಂಡಾಗ ಕನ್ನಡ ಮಾಧ್ಯಮದ ಮಗು 'ಡಾಕ್ಟರ್', 'ಆಫೀಸ್' ಎಂದರೆ ಪಕ್ಕದ ಕೋಣೆಯ ಮಲಯಾಳ ಮಾಧ್ಯಮದ ಮಗು 'ಡೋಕ್ಟರ್', 'ಓಫೀಸ್' ಎನ್ನುತ್ತದೆ, ಮತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಬ್ರಿಟಿಷ್ ಉಚ್ಚಾರ ಇವೆರಡರ ನಡುವೆ ಇದೆ: ತುಟಿ ದುಂಡಗಾಗಬೇಕು, ಸ್ವರ ಹ್ರಸ್ವವಾಗಿರಬೇಕು. ಟಿ ಅಕ್ಷರದ ವಿಷಯದಲ್ಲಿ ಮಾತ್ರ ನಾನು ಮಲಯಾಳದ ಮಕ್ಕಳ ಪಕ್ಷ. ಅವರು 'ಹೋಸ್ಪಿಟಲ್' ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ಒಸಡಿಗೆ ತಾಗುತ್ತದೆ. ಅದು ನಾಲಗೆಯನ್ನು ಹಿಂದಕ್ಕೆ ಮಡಿಚುವ ನಮ್ಮ ಟಕಾರಕ್ಕಿಂತ ಇಂಗ್ಲಿಷಿಗೆ ಹತ್ತಿರ. ಪಕ್ಕದ ಮನೆಯಲ್ಲಿ ಮಲಯಾಳ ಮಾತನಾಡುವವರಿದ್ದರೆ ಅವರಿಂದ ಈ ಧ್ವನಿಯನ್ನು ಕೇಳಿ ಕಲಿಯಬಹುದು.

ಮೂರನೆಯ ಹಂತ: ಈಗ ಸ್ಪೆಲ್ಲಿಂಗ್ ನೋಡಿ, ಕನ್ನಡದಲ್ಲಿ ಬರೆದುಕೊಂಡದ್ದರ ಪಕ್ಕದಲ್ಲಿ ಅದನ್ನು ಬರೆದು, ಬಾಯಿಗೆ ಬಾರದ ಅಕ್ಷರಗಳನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುವುದು. 'ಹೇಳದ ಅಕ್ಷರವನ್ನು ಬರೆಯುವುದು ಯಾಕೆ ಟೀಚರೇ?' ಎಂದು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಿದ್ದರು, ಕೇಳಬೇಕಾದ ಪ್ರಶ್ನೆಯೇ. ಕೆಲವು ಅಕ್ಷರಗಳು ಒಂದು ಕಾಲದಲ್ಲಿ ಬಾಯಲ್ಲಿದ್ದವು. ಕುದುರೆ ಸವಾರ ಯೋಧನಾದ 'ನೈಟ್' ಪದದ ಮೊದಲಿನ ಕೆ ಅಂಥದ್ದು. ಇನ್ನು ಕೆಲವನ್ನು ಪಂಡಿತರು ಆಮೇಲೆ ತುರುಕಿದರು. ಸಾಲಕ್ಕೆ ಹೇಳುವ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟಮ್' ನೆನಪಿಗಾಗಿ ಅದನ್ನು ಸೇರಿಸಲಾಯಿತು. ದ್ವೀಪಕ್ಕೆ ಹೇಳುವ 'ಐಲಂಡ್' ಪದದ ಎಸ್ ಅಂತೂ ಬೇರೊಂದು ಪದದೊಡನೆ ಗೊಂದಲವಾಗಿ ಸೇರಿಕೊಂಡದ್ದು. ಈ ಕತೆಗಳನ್ನು ಕೇಳಿದ ಮಕ್ಕಳು ಆ ಅಕ್ಷರಗಳನ್ನು ಬರೆಯಲು ಮರೆಯುವುದಿಲ್ಲ, ಹೇಳಲು ಹೋಗುವುದೂ ಇಲ್ಲ.

ನಾಲ್ಕನೆಯ ಹಂತ: ಭೂತಕಾಲದ ಬಾಲ. ಇ ಮತ್ತು ಡಿ ಎಂದು ಬರೆದದ್ದೆಲ್ಲ 'ಎಡ್' ಅಲ್ಲ. ಗಂಟಲಿನ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಧ್ವನಿಯನ್ನು ಹೇಳಿದಾಗ ಕಂಪನವಿಲ್ಲದಿದ್ದರೆ ಟಕಾರ ('ಹೆಲ್ಪ್ಟ್'), ಕಂಪನವಿದ್ದರೆ ಡಕಾರ ('ಓಪನ್ಡ್'), ಮೊದಲೇ ಟ ಅಥವಾ ಡ ಇದ್ದರೆ ಮಾತ್ರ 'ಇಡ್' ('ವೇಟಿಡ್').

ತಿದ್ದುವವರಿಗೂ ಒಂದು ಮಿತಿ ಇರಲಿ. 'ಆಫನ್' ಪದದಲ್ಲಿ ಟಕಾರ ಸೇರಿಸಿ ಹೇಳುವವರು ಇಂಗ್ಲಿಷ್ ಮನೆಮಾತಿನವರಲ್ಲಿಯೂ ಬೇಕಾದಷ್ಟಿದ್ದಾರೆ. ಬರಹದ ಪ್ರಭಾವದಿಂದ ಹುಟ್ಟಿದ ಉಚ್ಚಾರವೇ ಅಲ್ಲಿ ಒಪ್ಪಿತವಾಗಿದೆ. ಹಾಗೆಯೇ ನಿಘಂಟಿನಲ್ಲಿ 'ಟಾಮಸ್' ಎಂದಿದೆಯೆಂದು ನೆರೆಮನೆಯ ತೋಮಸ್ ಚೇಟನ ಹೆಸರನ್ನು ತಿದ್ದಲು ಹೊರಡಬಾರದು; ಅದು ಮಲಯಾಳದ ಹೆಸರು, ಅದರ ಉಚ್ಚಾರ ಅವರ ಮನೆಯದು.

ಕೊನೆಯ ಹಂತ: ಬರೆದ ಐದು ಪದಗಳನ್ನು ವಾಕ್ಯದಲ್ಲಿ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿ, ನಿಘಂಟಿನ ಧ್ವನಿಯೊಡನೆ ಹೋಲಿಸಿ ನೋಡಬೇಕು. ಏಳನೆಯ ದಿನ ಕನ್ನಡದ ಬರಹವನ್ನು ಕೈಯಿಂದ ಮುಚ್ಚಿ, ಕೆಂಪು ಗೆರೆಗಳಿಲ್ಲದ ಬೇರೊಂದು ಹಾಳೆಯಲ್ಲಿ ಬರಿಯ ಸ್ಪೆಲ್ಲಿಂಗ್ ಬರೆದು ಓದಿಸಬೇಕು, ಮತ್ತು ಎಡವಿದ ಪದಗಳನ್ನು ಮರುದಿನದ ಐದರಲ್ಲಿ ಸೇರಿಸಿಕೊಂಡು ಮತ್ತೆ ಕೇಳಿಸುವುದರಿಂದಲೇ ಆರಂಭಿಸಬೇಕು.