ನಾಟಿಂಗ್‌ಹ್ಯಾಮ್ ಹಿತ್ತಲಲ್ಲಿ ಬಾಳೆ

ನಾನು ಶಿರಸಿ ಕಡೆಯವಳು. ಈಗ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹಿತ್ತಲು ಚಿಕ್ಕದು, 30 ಅಡಿ ಉದ್ದ. ಬಂದ ಹೊಸದರಲ್ಲಿ ಅಡುಗೆಮನೆ ಕಿಟಕಿಯಿಂದ ಕಾಣುತ್ತಿದ್ದದ್ದು ಹುಲ್ಲು, ಮರದ ಬೇಲಿ, ಬೂದು ಆಕಾಶ ಅಷ್ಟೇ. ನನಗೆ ಒಂದು ದೊಡ್ಡ ಎಲೆ ಬೇಕಿತ್ತು. ಮಳೆ ಬಿದ್ದರೆ ಸದ್ದಾಗುವಂಥ ಎಲೆ.

ಊರಿನ ಬಾಳೆ ಇಲ್ಲಿ ಹೊರಗೆ ಬದುಕುವುದಿಲ್ಲ. ಬದುಕುವುದು ಮೂಸಾ ಬಾಸ್ಜೂ ಅನ್ನುವ ಜಾತಿ. ಇದರ ಮೂಲ ಚೀನಾ, ಆದರೆ ಜಪಾನೀ ಬಾಳೆ ಅಂತಲೇ ಹೆಸರು. ಕಾಯಿ ತಿನ್ನಲು ಬರುವುದಿಲ್ಲ. ಗೆಡ್ಡೆ ಮಾತ್ರ ಗಟ್ಟಿ. ಮೇಲೆ ದಪ್ಪ ಹೊದಿಕೆ ಇದ್ದರೆ ಮೈನಸ್ 10 ಡಿಗ್ರಿ ಚಳಿಯನ್ನೂ ತಡೆಯುತ್ತದೆ. 2019ರ ಮೇ ತಿಂಗಳಲ್ಲಿ ಒಂದಡಿ ಸಸಿ ತಂದು, ದಕ್ಷಿಣದ ಬಿಸಿಲು ಬೀಳುವ ಇಟ್ಟಿಗೆ ಗೋಡೆಯ ಪಕ್ಕ ನೆಟ್ಟೆ. ಗೋಡೆ ಹಗಲು ಕಾದು ರಾತ್ರಿ ಬೆಚ್ಚಗಿರುತ್ತದೆ, ಗಾಳಿಗೂ ಮರೆ. ಗುಂಡಿಗೆ ಕಳಿತ ಕುದುರೆ ಗೊಬ್ಬರ ಧಾರಾಳವಾಗಿ ಹಾಕಿದೆ. ಜೂನ್‌ನಲ್ಲಿ ಇಲ್ಲಿ ಸುಮಾರು 17 ಗಂಟೆ ಹಗಲು. ಬಾಳೆ ವಾರಕ್ಕೊಂದು ಎಲೆ ಬಿಡತೊಡಗಿತು. ಸೆಪ್ಟೆಂಬರ್ ಹೊತ್ತಿಗೆ ನನ್ನ ಎತ್ತರ ಮೀರಿತ್ತು.

ಚಳಿಗಾಲಕ್ಕೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದೆ. ಮಾರ್ಚ್‌ನಲ್ಲಿ ಬಿಚ್ಚಿದರೆ ದಿಂಡು ಕೊಳೆತು ನೀರಾಗಿತ್ತು. ಆ ನಾತ ತಡೆಯಲಾಗಲಿಲ್ಲ. ಊರಿಗೆ ಫೋನ್ ಮಾಡಿ ಅಳುತ್ತಲೇ ಹೇಳಿದೆ. "ಬುಡ ಕೀಳಡ ಕೂಸೆ, ಕಂದು ಬತ್ತು" ಅಂದಳು ಆಯಿ. ಮೇ ಕೊನೆಗೆ ನಿಜವಾಗಿಯೂ ಬುಡದಿಂದ ಮೂರು ಕಂದು, ಅಂದರೆ ಮರಿಗಿಡ, ಮೇಲೆ ಬಂದವು.

ಆಗ ಅರ್ಥವಾಯಿತು. ಇಲ್ಲಿ ಬಾಳೆಯನ್ನು ಕೊಲ್ಲುವುದು ಬರೀ ಚಳಿಯಲ್ಲ, ಚಳಿಯಲ್ಲಿ ಒಳಗೆ ನಿಲ್ಲುವ ನೀರು. ಈಗ ನಾನು ಅವಸರ ಮಾಡುವುದಿಲ್ಲ. ಮೊದಲ ಹಿಮ ಬಿದ್ದು ಎಲೆ ಕಪ್ಪಾಗುವವರೆಗೆ ಕಾಯುತ್ತೇನೆ. ಆಮೇಲೆ ಎಲೆಗಳನ್ನೆಲ್ಲ ಕಡಿದು, ದಿಂಡನ್ನು ನಾಲ್ಕೈದು ಅಡಿ ಉಳಿಸುತ್ತೇನೆ. ಸುತ್ತ ಒಂದಡಿ ಜಾಗ ಬಿಟ್ಟು ಕೋಳಿಗೂಡಿನ ತಂತಿಬಲೆ ನಿಲ್ಲಿಸಿ, ಒಳಗೆ ಒಣಗಿದ ಗೋಧಿ ಹುಲ್ಲು ತುಂಬುತ್ತೇನೆ. ತುಂಬಾ ಒತ್ತಬಾರದು, ಗಾಳಿ ಆಡಬೇಕು. ಮಳೆನೀರು ಸುಳಿಗೆ ಇಳಿಯದಂತೆ ಮೇಲೊಂದು ತಗಡನ್ನು ಓರೆಯಾಗಿ ಕಟ್ಟುತ್ತೇನೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಈ ತಗಡೇ. ಏಪ್ರಿಲ್ ಮಧ್ಯದವರೆಗೆ ಮುಟ್ಟುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ವಾರಕ್ಕಿಂತ ಜಾಸ್ತಿ ದಿನ ನೆಲ ಕಲ್ಲಾಗಿತ್ತು. ಆದರೂ ದಿಂಡು ಉಳಿಯಿತು. ಉಳಿದ ದಿಂಡಿನ ಮೇಲಿಂದಲೇ ಹೊಸ ಸುಳಿ ಬಂದರೆ ಗಿಡ ಬೇಗ ಎತ್ತರವಾಗುತ್ತದೆ. ಕಂದಿನಿಂದ ಶುರುವಾದರೆ ಅರ್ಧ ಬೇಸಿಗೆ ಅದಕ್ಕೇ ಹೋಗುತ್ತದೆ.

ಬಾಳೆಯೊಂದೇ ನಿಂತರೆ ಚೆನ್ನಾಗಿ ಕಾಣುವುದಿಲ್ಲ. ಅದನ್ನು ಕಲಿತದ್ದು ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್ ತೋಟ ನೋಡಿದ ಮೇಲೆ. ಅಲ್ಲಿ ತೋಟದ ಒಡೆಯ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಹಳೆಯ ಗುಲಾಬಿ ತೋಟ ಕಿತ್ತು ಬಾಳೆಯಂಥ ದೊಡ್ಡ ಎಲೆಯ ಗಿಡಗಳನ್ನು ನೆಟ್ಟಿದ್ದರು. ಎಲೆಗೆ ಎಲೆ ತಾಗುವಷ್ಟು ದಟ್ಟ. ನಮ್ಮ ಅಡಿಕೆ ತೋಟದೊಳಗೆ ನಡೆದಂತೆಯೇ ಅನ್ನಿಸಿತು.

ನಾನೂ ಹಾಗೇ ಮಾಡಿದೆ. ಹಿಂದೆ ಚೂಸಾನ್ ಪಾಮ್, 1849ರಲ್ಲಿ ಗಿಡ ಸಂಗ್ರಾಹಕ ರಾಬರ್ಟ್ ಫಾರ್ಚೂನ್ ಚೀನಾದಿಂದ ಇಲ್ಲಿಗೆ ಕಳಿಸಿದ ತಾಳೆ. ಅದಕ್ಕೆ ಹೊದಿಕೆಯೇ ಬೇಡ. ನೆರಳಿನ ಮೂಲೆಗೆ ಫ್ಯಾಟ್ಸಿಯಾ ಅನ್ನುವ ಅಗಲ ಎಲೆಯ ಪೊದೆ, ಅದೂ ವರ್ಷವಿಡೀ ಹಸಿರು. ಮುಂದೆ ಕ್ಯಾನಾ ಮತ್ತು ಕೆಸು. ಇವೆರಡರ ಗೆಡ್ಡೆಗಳನ್ನು ನವೆಂಬರ್‌ನಲ್ಲಿ ಎತ್ತಿ ಗ್ಯಾರೇಜಿನಲ್ಲಿ ಇಡಬೇಕು. ಹೊಸಬರು ಇಂಥ ನಾಜೂಕು ಗಿಡಗಳನ್ನೇ ಜಾಸ್ತಿ ಕೊಳ್ಳುತ್ತಾರೆ. ಮುಕ್ಕಾಲು ಪಾಲು ಚಳಿ ತಡೆಯುವ ಗಿಡ ಇರಲಿ, ಇಲ್ಲದಿದ್ದರೆ ಚಳಿಗಾಲದಲ್ಲಿ ಹಿತ್ತಲು ಖಾಲಿ ಖಾಲಿ.

ಯುಗಾದಿಗೆ ನನ್ನ ಬಾಳೆಯಲ್ಲಿ ಎಲೆ ಇರುವುದಿಲ್ಲ. ಚೌತಿಗೆ ಇರುತ್ತದೆ. ಈ ಜಾತಿಯ ಎಲೆ ತೆಳು, ಗಾಳಿಗೆ ಬೇಗ ಹರಿಯುತ್ತದೆ. ಆಗಷ್ಟೇ ಸುರುಳಿ ಬಿಚ್ಚಿದ್ದನ್ನು ಕೊಯ್ದು, ಒಲೆಯ ಮೇಲೆ ಸ್ವಲ್ಪ ಬಾಡಿಸಿದರೆ ಸೀಳುವುದಿಲ್ಲ. ಕಳೆದ ಚೌತಿಗೆ ಎಂಟು ಜನ ಊಟಕ್ಕೆ ಕೂತಿದ್ದೆವು. ವಿಡಿಯೋ ಕಾಲ್‌ನಲ್ಲಿ ಆಯಿ ಕಡುಬನ್ನೂ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ.

"ಕುಡಿ ಎಡಕ್ಕೆ ಹಾಕಿದ್ಯನೇ?" ಅಂತ ಕೇಳಿದಳು.