ಚಿಕ್ಕ ಮಕ್ಕಳ ಜೊತೆ ಬೀಚ್ ಹೌಸ್: ಮೊದಲು ಮನೆ ನೋಡಿ, ಆಮೇಲೆ ಸಮುದ್ರ

ಬೀಚ್ ಹೌಸ್ ಹುಡುಕುವಾಗ ಎಲ್ಲರೂ ಮೊದಲು ನೋಡುವುದು ಬಾಲ್ಕನಿಯಿಂದ ಸಮುದ್ರ ಕಾಣುತ್ತಾ ಅಂತ. ಐದು ವರ್ಷದೊಳಗಿನ ಮಕ್ಕಳಿದ್ದರೆ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಇಷ್ಟು ಚಿಕ್ಕ ಮಕ್ಕಳು ದಿನಕ್ಕೆ ಎರಡು ಮೂರು ಗಂಟೆ ಬೀಚ್‌ನಲ್ಲಿದ್ದರೆ ಅದೇ ಜಾಸ್ತಿ. ಉಳಿದ ಹೊತ್ತೆಲ್ಲ ಊಟ, ನಿದ್ದೆ, ಸ್ನಾನ, ಹಠ, ಜಗಳ ಅಂತ ಮನೆಯೊಳಗೇ ಕಳೆಯುತ್ತದೆ. ಮನೆ ಸರಿಯಿಲ್ಲದಿದ್ದರೆ ಸಮುದ್ರ ಎಷ್ಟು ಚೆನ್ನಾಗಿದ್ದರೂ ರಜೆ ಹಾಳು.

ಬುಕ್ ಮಾಡುವ ಮೊದಲು ಮಾಲೀಕರನ್ನು ನೇರವಾಗಿ ಕೇಳಿ. ಮನೆಗೂ ಬೀಚ್‌ಗೂ ನಡುವೆ ರಸ್ತೆ ಇದೆಯಾ? ನಡೆದು ಹೋಗಲು ಎಷ್ಟು ಹೊತ್ತು ಬೇಕು? (ಅವರು ಹೇಳುವ ಐದು ನಿಮಿಷ ದೊಡ್ಡವರ ಕಾಲಿಗೆ. ಮಗು, ಬಕೆಟ್, ಒದ್ದೆ ಟವೆಲ್ ಎಲ್ಲ ಹೊತ್ತು ಬಿಸಿಲಲ್ಲಿ ವಾಪಸ್ ಬರುವಾಗ ಅದು ಹದಿನೈದು ಆಗುತ್ತದೆ.) ಹೊರಗೆ ಕಾಲು ತೊಳೆಯಲು ನಲ್ಲಿ ಇದೆಯಾ, ವಾಷಿಂಗ್ ಮೆಷಿನ್ ಇದೆಯಾ, ಮಲಗುವ ಕೋಣೆಗೆ ಬೆಳಕು ತಡೆಯುವ ದಪ್ಪ ಪರದೆ ಇದೆಯಾ, ಮಗುವಿನ ಮಂಚ ಸಿಗುತ್ತದಾ? ಈಜುಕೊಳ ಇದ್ದರೆ ಅದಕ್ಕೆ ನಾಲ್ಕೂ ಕಡೆ ಬೇಲಿ ಇರಬೇಕು. ಬೇಲಿ ಕನಿಷ್ಠ 4 ಅಡಿ ಎತ್ತರ ಇರಬೇಕು, ಗೇಟು ತಾನಾಗಿಯೇ ಮುಚ್ಚಿ ಚಿಲಕ ಬೀಳಬೇಕು. ಮೂರು ಕಡೆ ಬೇಲಿ, ನಾಲ್ಕನೇ ಕಡೆ ಹಾಲ್‌ನ ಬಾಗಿಲು ಅಂದರೆ ಆ ಮನೆ ಬೇಡ. ಫೋಟೋ ಎಷ್ಟೇ ಚೆನ್ನಾಗಿರಲಿ, ನಾನಂತೂ ಮುಂದಿನ ಮನೆ ನೋಡುತ್ತೇನೆ.

ಮನೆ ತಲುಪಿದ ತಕ್ಷಣ ಸಾಮಾನು ಇಳಿಸಬೇಡಿ. ಒಬ್ಬರು ಮಕ್ಕಳನ್ನು ಹಿಡಿದುಕೊಂಡು ಹೊರಗಿರಲಿ, ಇನ್ನೊಬ್ಬರು ಒಳಗೆ ಒಂದು ಸುತ್ತು ಹಾಕಲಿ. ಮೊಣಕಾಲೂರಿ ಕೂತು ನೋಡಿದರೆ ಮಗುವಿನ ಕೈಗೆ ಏನೇನು ಸಿಗುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ: ಸಿಂಕ್ ಕೆಳಗಿನ ಕ್ಲೀನಿಂಗ್ ಲಿಕ್ವಿಡ್, ಇಲಿ ಪಾಷಾಣ, ಜೋತಾಡುವ ಪರದೆಯ ಹಗ್ಗ, ಎಳೆದರೆ ಮೈಮೇಲೆ ಬೀಳುವ ಟಿವಿ. ಬಾಲ್ಕನಿಯಲ್ಲಿ ಕಂಬಿಗೆ ತಾಗಿಸಿ ಇಟ್ಟ ಕುರ್ಚಿ, ಟೇಬಲ್ ಎಲ್ಲ ಒಳಗೆ ತನ್ನಿ, ಏಕೆಂದರೆ ಮಕ್ಕಳಿಗೆ ಅದು ಏಣಿ. ಸಮುದ್ರದ ಕಡೆ ತೆರೆಯುವ ಬಾಗಿಲಿಗೆ ಮಗುವಿನ ಕೈಗೆ ಎಟುಕದ ಚಿಲಕ ಇದೆಯಾ ನೋಡಿ. ಇಲ್ಲದಿದ್ದರೆ ಬಾಗಿಲಿಗೆ ಗಂಟೆಯನ್ನೋ, ತೆರೆದರೆ ಸದ್ದು ಮಾಡುವ ಸಣ್ಣ ಅಲಾರಾಂ ಅನ್ನೋ ಕಟ್ಟಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು ಅಂತ ನಿಮಗೇ ಗೊತ್ತಲ್ವಾ.

ದಿನದ ಲೆಕ್ಕಾಚಾರ ಸುಲಭ. ಬೆಳಿಗ್ಗೆ ಬೇಗ ಒಂದು ಸಲ, ಸಂಜೆ ಒಂದು ಸಲ ಬೀಚ್. ನಡುವೆ ಮನೆ, ಊಟ, ನಿದ್ದೆ. ಹತ್ತರಿಂದ ನಾಲ್ಕರವರೆಗಿನ ಬಿಸಿಲು ತುಂಬಾ ಜೋರು. ನೆರಳು ನಿಮಗಿಂತ ಗಿಡ್ಡ ಆಗಿದ್ದರೆ ಮನೆಗೆ ಹೋಗುವ ಸಮಯ ಅಂತ ಮಕ್ಕಳಿಗೇ ಹೇಳಿಕೊಡಿ. ಅವರೇ ನೆರಳು ಅಳೆದು ನೋಡುತ್ತಾರೆ, ಜಗಳ ಅರ್ಧ ಕಡಿಮೆ. ಮಧ್ಯಾಹ್ನದ ನಿದ್ದೆಯನ್ನು ಮಾತ್ರ ತಪ್ಪಿಸಬೇಡಿ. ರಜೆ ಅಂತ ಒಂದು ದಿನ ಬಿಟ್ಟರೆ ಸಂಜೆ ಅದರ ಫಲ ಮನೆಯವರೆಲ್ಲ ಅನುಭವಿಸಬೇಕು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯದ್ದಿರಲಿ. ಅದನ್ನು ಮನೆಯಲ್ಲೇ, ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಹಚ್ಚಿ. ಮೈಗೆ ಮರಳು ಅಂಟಿದ ಮೇಲೆ ಹಚ್ಚಿದರೆ ಉಪ್ಪುಕಾಗದದಲ್ಲಿ ಉಜ್ಜಿದಂತೆ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೂ ಮತ್ತೆ ಹಚ್ಚಬೇಕು. ಕಿವಿಯ ತುದಿ, ಪಾದದ ಮೇಲ್ಭಾಗ, ಕತ್ತಿನ ಹಿಂಭಾಗ ಎಲ್ಲರೂ ಮರೆಯುವ ಜಾಗಗಳು. ಮೋಡ ಇದೆ ಅಂತ ಬಿಡಬೇಡಿ, ತೆಳು ಮೋಡದಲ್ಲೂ ಚರ್ಮ ಸುಡುತ್ತದೆ. ಕೊಡೆಯ ಕೆಳಗೆ ಕೂತರೂ ಮರಳು, ನೊರೆ ಎರಡರಿಂದಲೂ ಬಿಸಿಲು ಪ್ರತಿಫಲಿಸಿ ಬರುತ್ತದೆ. ಹಾಗಾಗಿ ಕ್ರೀಮ್‌ಗಿಂತ ಉದ್ದ ತೋಳಿನ ಈಜುಡುಗೆ ಮತ್ತು ಅಗಲ ಅಂಚಿನ ಟೋಪಿಯನ್ನೇ ನಾನು ಜಾಸ್ತಿ ನಂಬುತ್ತೇನೆ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಬಟ್ಟೆಯೇ ರಕ್ಷಣೆ. ತಳ್ಳುಗಾಡಿಯ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಬೇಗ ಕಾವೇರುತ್ತದೆ. ಅಷ್ಟು ಚಿಕ್ಕ ಕೂಸಿಗೆ ನೀರು ಕುಡಿಸುವುದೂ ಬೇಡ, ಹಾಲನ್ನೇ ಪದೇ ಪದೇ ಕೊಡಿ.

ಈಗ ನೀರಿನ ವಿಷಯ. ಇದನ್ನು ಗಮನವಿಟ್ಟು ಓದಿ.

ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಮುಗಿದು ಹೋಗಬಹುದು, ಅದಕ್ಕೆ ಕೆಲವೇ ಇಂಚು ನೀರು ಸಾಕು. ನೀವು ಕೈ ಚಾಚಿದರೆ ಮಗು ಸಿಗಬೇಕು, ಅಷ್ಟೇ ದೂರ. ದಡದಲ್ಲಿ ಕುರ್ಚಿ ಹಾಕಿ ಕೂತು ನೋಡುವುದು ಕಾವಲಲ್ಲ. ಮನೆ ತುಂಬ ಜನ ಹೋದಾಗ ಅಪಾಯ ಇನ್ನೂ ಜಾಸ್ತಿ, ಏಕೆಂದರೆ ಅಜ್ಜಿ ನೋಡ್ತಿದ್ದಾರೆ ಅಂತ ಅಪ್ಪ, ಅಪ್ಪ ಇದ್ದಾನಲ್ಲ ಅಂತ ಅಜ್ಜಿ, ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಅದಕ್ಕೇ ಸರದಿ ಮಾಡಿ. ಹದಿನೈದು ನಿಮಿಷ ಒಬ್ಬರ ಪಾಳಿ. ಆ ಹೊತ್ತಿನಲ್ಲಿ ಫೋನ್ ಇಲ್ಲ, ಮಾತಿಲ್ಲ, ಕುಡಿತವಂತೂ ಇಲ್ಲವೇ ಇಲ್ಲ. ಪಾಳಿ ಬದಲಾಗುವಾಗ "ಈಗ ನೀನು" ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ನೆ ಎದ್ದು ಹೋಗುವ ಹಾಗಿಲ್ಲ.

ತೋಳಿಗೆ ಕಟ್ಟುವ ಗಾಳಿ ಬಲೂನು, ಗಾಳಿ ತುಂಬಿದ ಬಾತುಕೋಳಿ ಇವೆಲ್ಲ ಬರೀ ಆಟಿಕೆ. ದಡದಿಂದ ಸಮುದ್ರದ ಕಡೆ ಗಾಳಿ ಬೀಸುತ್ತಿದ್ದರೆ ಮಗುವನ್ನು ಕೂರಿಸಿಕೊಂಡೇ ತೇಲಿ ಹೋಗುತ್ತವೆ. ಅವನ್ನು ಮನೆಯಲ್ಲೇ ಬಿಡಿ. ಮಗುವಿನ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ತನ್ನಿ, ತೊಡೆ ಸಂದಿಯಲ್ಲಿ ಬರುವ ಪಟ್ಟಿ ಇರಲಿ. ಅದಿದೆ ಅಂತ ಪಾಳಿ ಬಿಡುವ ಹಾಗಿಲ್ಲ ಮತ್ತೆ. ಈಜುಡುಗೆಯ ಬಣ್ಣ ಕಣ್ಣಿಗೆ ಹೊಡೆಯುವ ಕಿತ್ತಳೆಯೋ ಗುಲಾಬಿಯೋ ಆಗಿರಲಿ. ತಿಳಿ ನೀಲಿ, ಬಿಳಿ ನೀರೊಳಗೆ ಕಾಣುವುದೇ ಇಲ್ಲ.

ಜೀವರಕ್ಷಕರು ಇರುವ ಬೀಚನ್ನೇ ಆರಿಸಿ. ಅಲ್ಲಿನ ಬಾವುಟಗಳ ಅರ್ಥ ಏನು, ಇವತ್ತು ಎಲ್ಲಿ ಇಳಿಯಬಹುದು ಅಂತ ಅವರನ್ನೇ ಕೇಳಿ. ಎರಡೂ ಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತಿದ್ದರೆ ಮಕ್ಕಳಿಗೆ ಒಳ್ಳೆಯ ಜಾಗ ಅನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ಸೆಳೆತವಾಗಿ ಸಮುದ್ರಕ್ಕೆ ವಾಪಸ್ ಹೋಗುವ ದಾರಿ ಹೆಚ್ಚಾಗಿ ಅದೇ. ದೊಡ್ಡವರು ಅದರಲ್ಲಿ ಸಿಕ್ಕಿಬಿದ್ದರೆ ನೇರ ದಡದ ಕಡೆ ಈಜಿ ಸುಸ್ತಾಗಬಾರದು. ದಡದ ಉದ್ದಕ್ಕೂ ಪಕ್ಕಕ್ಕೆ ಈಜಿ ಸೆಳೆತ ದಾಟಬೇಕು, ಆಮೇಲೆ ದಡದ ಕಡೆ ಬರಬೇಕು. ಉಬ್ಬರ ಇಳಿತದ ಸಮಯವನ್ನೂ ದಿನಾ ನೋಡಿಕೊಳ್ಳಿ, ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಇದೇ ಹೊತ್ತಿಗೆ ಮಕ್ಕಳು ಆಡಿದ ಜಾಗ ಕೆಲವು ದಿನ ಬಿಟ್ಟು ಹೋದರೆ ನೀರಿನೊಳಗೆ ಇರಬಹುದು.

ಮರಳಿನಲ್ಲಿ ಗುಂಡಿ ತೋಡುವುದನ್ನು ಯಾರೂ ಅಪಾಯ ಅಂದುಕೊಳ್ಳುವುದಿಲ್ಲ. ಆದರೆ ಗುಂಡಿಯ ಅಂಚು ಕುಸಿದರೆ ಮಗು ಮುಚ್ಚಿಹೋಗುತ್ತದೆ, ಒದ್ದೆ ಮರಳಿನ ಭಾರಕ್ಕೆ ಎಳೆಯುವುದೂ ಕಷ್ಟ. ಮಗುವಿನ ಮೊಣಕಾಲಿಗಿಂತ ಆಳ ಬೇಡ, ಸುರಂಗವಂತೂ ಬೇಡವೇ ಬೇಡ, ಹೊರಡುವಾಗ ಮುಚ್ಚಿ ಹೋಗಿ. ಮಧ್ಯಾಹ್ನದ ಒಣ ಮರಳು ಪಾದ ಸುಡುವಷ್ಟು ಕಾದಿರುತ್ತದೆ, ಮಗುವನ್ನು ಇಳಿಸುವ ಮೊದಲು ಅಂಗೈ ಹಿಂಭಾಗ ಇಟ್ಟು ನೋಡಿ. ದಡದಲ್ಲಿ ಸತ್ತು ಬಿದ್ದ ಜೆಲ್ಲಿಫಿಶ್ ಕೂಡ ಕುಟುಕಬಲ್ಲದು, ಮುಟ್ಟಲು ಬಿಡಬೇಡಿ. ಕುಟುಕಿದರೆ ಸಿಹಿನೀರು ಹಾಕಬೇಡಿ, ಉಜ್ಜಬೇಡಿ. ಸಮುದ್ರದ ನೀರಿನಲ್ಲೇ ತೊಳೆದು ಜೀವರಕ್ಷಕರ ಹತ್ತಿರ ಓಡಿ. ಉಸಿರಾಟಕ್ಕೆ ಕಷ್ಟವಾದರೆ ನೇರ ಆಸ್ಪತ್ರೆಗೆ.

ಮಗು ಕಳೆದುಹೋದರೆ ಅಂತ ಮೊದಲೇ ಯೋಚಿಸಿಡಿ. ಬೀಚ್‌ನಲ್ಲಿ ಎಲ್ಲ ಕೊಡೆಗಳೂ ಒಂದೇ ಥರ ಕಾಣುತ್ತವೆ. ನಿಮ್ಮ ಫೋನ್ ನಂಬರನ್ನು ಮಗುವಿನ ತೋಳಿನ ಮೇಲೆ ಬಾಲ್‌ಪೆನ್‌ನಲ್ಲಿ ಬರೆಯಿರಿ. ಆ ದಿನದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ನೀರನ್ನು, ಐಸ್‌ಕ್ರೀಂ ಅಂಗಡಿ ಆಮೇಲೆ.

ವಾಪಸ್ ಬಂದಾಗ ಎಲ್ಲರೂ ಹೊರಗಿನ ನಲ್ಲಿಯಲ್ಲೇ ತೊಳೆದುಕೊಳ್ಳಲಿ. ಬಾಗಿಲಲ್ಲಿ ಒಂದು ಟಬ್ಬು, ಒಂದು ಹಳೇ ಟವೆಲ್ ಇಟ್ಟರೆ ಸಾಕು. ತೊಡೆ ಸಂದಿಯ ಮರಳನ್ನು ಉಜ್ಜಿ ತೆಗೆಯಬೇಡಿ, ನೀರು ಸುರಿದೇ ತೆಗೆಯಿರಿ, ಇಲ್ಲದಿದ್ದರೆ ರಾತ್ರಿ ಉರಿಯಿಂದ ಅಳುತ್ತಾರೆ. ಒದ್ದೆ ಈಜುಡುಗೆಯನ್ನು ತಕ್ಷಣ ಬದಲಿಸಿ. ಮಕ್ಕಳ ಸ್ನಾನ ಮುಗಿದ ಕೂಡಲೇ ಟಬ್ಬಿನ ನೀರು ಚೆಲ್ಲಿ, ಬೋರಲು ಹಾಕಿಡಿ.